ನಂಜು ಯಾರದು?

ಎರಡು ವರ್ಷದ ಹಿಂದೆ ಮೂಡಲಗಿಯ ನಮ್ಮ ಮನೆಗೆ ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು, ಚಾ ಎಲ್ಲ ಆದ ಮೇಲೆ ಅವರಲ್ಲಿ ಹಿರಿಯರೊಬ್ಬರು ಕೇಳಿದರು, "ಹುಡುಗಿ ಏನ್ ಕೆಲಸ ಮಾಡ್ತಾಳ್ರಿ?"

"ದವಾಖಾನ್ಯಾಗ ನರ್ಸ್ ಅದಾಳ್ರಿ" ಅಂದಳು ಅವ್ವ.

"ಲ್ಯಾಬಿನ್ಯಾಗ ಸೈಂಟಿಸ್ಟ್ ಅದಾಳ್ರಿ" ಅಂದ ಅಪ್ಪ, ಸರಿಯಾಗಿ ಅದೇ ಹೊತ್ತಿಗೆ.

ಹಿರಿಯರು ಇಬ್ಬರ ಮುಖವನ್ನೂ ನೋಡಿದರು. "ಎರಡರಾಗ ಖರೆ ಯಾವುದ್ರೀ?"

ಎರಡೂ ಖರೆ. ಆದರೆ ಅದನ್ನು ಐದು ನಿಮಿಷದಲ್ಲಿ ಹೇಳೋದು ಹೇಗೆ ಅಂತ ನನಗೂ ತಿಳಿಯಲಿಲ್ಲ. ಆ ಸಂಬಂಧ ಕೂಡಿಬರಲಿಲ್ಲ. ನೈಟ್ ಡ್ಯೂಟಿ ಮಾಡೋ ಹುಡುಗಿ ಬೇಡ ಅಂದರಂತೆ. ಇರಲಿ. ಆದರೆ ಆ ಹಿರಿಯರ ಪ್ರಶ್ನೆಯನ್ನೇ ಬೇರೆ ಮಾತಿನಲ್ಲಿ ಕೇಳುವವರು ಆಗಾಗ ಸಿಗುತ್ತಾರೆ. ನರ್ಸಿಂಗ್ ಓದುತ್ತಿರುವ ಹುಡುಗಿಯರು ಫೋನ್ ಮಾಡಿ, "ಅಕ್ಕಾ, ಮೈಕ್ರೋಬಯಾಲಜಿ ಅಂದ್ರೆ ನಂಗೆ ಪ್ರಾಣ. ನರ್ಸಿಂಗ್ ಬಿಡೋಕೂ ಮನಸ್ಸಿಲ್ಲ. ಎರಡೂ ಮಾಡಬಹುದಾ?" ಅಂತಾರೆ. ಅವರಿಗೆ ನಾನು ಹೇಳೋದು ಒಂದು ಬಾಟಲಿಯ ಕತೆ. ಇವತ್ತು ನಿಮಗೂ ಅದನ್ನೇ ಹೇಳ್ತೀನಿ.

ಬಿ.ಎಸ್ಸಿಯಲ್ಲಿ ನಾನು ಮೈಕ್ರೋಬಯಾಲಜಿ ತಗೊಂಡಿದ್ದು ಪ್ರೀತಿಯಿಂದೇನಲ್ಲ. ಗೆಳತಿ ತಗೊಂಡಳು, ನಾನೂ ತಗೊಂಡೆ. ಆಗ ಮೂಡಲಗಿ ಇನ್ನೂ ಬೇರೆ ತಾಲೂಕಾಗಿರಲಿಲ್ಲ, ಗೋಕಾಕ ತಾಲೂಕಿನೊಳಗೇ ಇತ್ತು. ದಿನಾ ಬೆಳಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಗೋಕಾಕಕ್ಕೆ ಹೋಗೋದು, ಸಂಜೆ ನಿಂತುಕೊಂಡೇ ಬರೋದು. ಪ್ರೀತಿ ಹುಟ್ಟಿದ್ದು ಒಂದು ಪ್ರಾಕ್ಟಿಕಲ್ ದಿನ. ಮೇಡಮ್ಮು ಅಗರ್ ಕುದಿಸಿ ತಟ್ಟೆಗೆ ಸುರಿಯುತ್ತಾ ಹೇಳಿದರು: ಸೂಕ್ಷ್ಮಾಣುಗಳನ್ನು ಮೊದಮೊದಲು ಜೆಲಾಟಿನ್ ಮೇಲೆ ಬೆಳೆಸುತ್ತಿದ್ದರು. ಬೇಸಿಗೆ ಬಂದರೆ ಅದು ಕರಗಿ ನೀರಾಗುತ್ತಿತ್ತು. 1881ರಲ್ಲಿ ಜರ್ಮನಿಯಲ್ಲಿ ಫ್ಯಾನಿ ಹೆಸ್ಸೆ ಅನ್ನುವಾಕೆ ವಿಜ್ಞಾನಿಯಾದ ತನ್ನ ಗಂಡನಿಗೆ ಹೇಳಿದಳು, ನಾನು ಅಡುಗೆಮನೆಯಲ್ಲಿ ಜೆಲ್ಲಿಗೆ ಹಾಕುವ ಅಗರ್ ಎಂಥ ಬಿಸಿಲಿಗೂ ಕರಗುವುದಿಲ್ಲ, ಅದನ್ನು ಹಾಕಿ ನೋಡು ಅಂತ. ಇವತ್ತಿಗೂ ಜಗತ್ತಿನ ಎಲ್ಲ ಲ್ಯಾಬುಗಳಲ್ಲಿ ಇರೋದು ಅದೇ. ಮರುವರ್ಷ ರಾಬರ್ಟ್ ಕಾಕ್ ಕ್ಷಯದ ಸೂಕ್ಷ್ಮಾಣುವಿನ ಬಗ್ಗೆ ಬರೆದ ಲೇಖನದಲ್ಲಿ ಅಗರ್ ಹೆಸರು ಬಂತು, ಫ್ಯಾನಿಯ ಹೆಸರು ಬರಲಿಲ್ಲ.

ಗೋಕಾಕದವರಿಗೆ ಅಂಟಿನ ಮಹಿಮೆ ಬೇರೆ ಹೇಳಬೇಕಾ? ಕರದಂಟು ಅಂದ್ರೇನೇ ಕರಿದ ಅಂಟು. ಅಡುಗೆಮನೆಯ ಅಂಟು ಲ್ಯಾಬಿಗೆ ಹೋಗಿ ವಿಜ್ಞಾನವನ್ನೇ ಬದಲಿಸಿತು ಅಂದಾಗ ಈ ವಿಷಯ ನನ್ನದು ಅನ್ನಿಸಿಬಿಟ್ಟಿತು.

ಎಂ.ಎಸ್ಸಿ ಮಾಡಬೇಕು ಅಂತಿದ್ದೆ. ಆ ವರ್ಷ ಕಬ್ಬಿನ ಬಿಲ್ ಕೈಗೆ ಬರಲೇ ಇಲ್ಲ. ಅಪ್ಪ ಬಹಳ ಮಾತಾಡುವವನಲ್ಲ. "ಎಂ.ಎಸ್ಸಿ ಆದ ಮ್ಯಾಲ ನೌಕರಿ ಸಿಗತೈತೇನವಾ?" ಅಂತ ಮಾತ್ರ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಜಿಎನ್‌ಎಂ ಮಾಡಿದರೆ ಮೂರು ವರ್ಷದಲ್ಲಿ ನೌಕರಿ ಗ್ಯಾರಂಟಿ ಅಂದರು ಯಾರೋ. ಸೇರಿಕೊಂಡೆ. ಮೊದಲ ವರ್ಷವೆಲ್ಲ ಹಾಸಿಗೆ ಹಾಸುವಾಗ, ಬೆಡ್‌ಪ್ಯಾನ್ ತೊಳೆಯುವಾಗ ಒಳಗೊಳಗೇ ಅಳುತ್ತಿದ್ದೆ. ಡಿಗ್ರಿ ಓದಿದವಳು ನಾನು ಅನ್ನೋ ಸೊಕ್ಕು. ಅದು ಇಳಿಯೋಕೆ ಸಮಯ ಹಿಡಿಯಿತು.

ಮುಗಿದ ಮೇಲೆ ಕೆಲಸ ಸಿಕ್ಕಿತು, ನಮ್ಮ ಕಡೆಯದೇ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಊರು ಹೇಳೋದಿಲ್ಲ. ಹೆರಿಗೆ ವಾರ್ಡು, ಸಿಸೇರಿಯನ್ನುಗಳು, ಒಂದಿಷ್ಟು ಅಪೆಂಡಿಕ್ಸು. ಡಾಕ್ಟರು ಒಳ್ಳೆಯವರು, ರಾತ್ರಿ ಎರಡಕ್ಕೆ ಕರೆದರೂ ಬರುತ್ತಿದ್ದರು. ಸುಮ್ಮನೆ ಕೆಟ್ಟವರನ್ನಾಗಿ ಮಾಡಿ ಕತೆ ಹೇಳುವ ಆಸೆ ನನಗಿಲ್ಲ.

ಎರಡನೇ ವರ್ಷದ ಮಳೆಗಾಲ. ಮೂರು ವಾರದೊಳಗೆ ಐದು ಸಿಸೇರಿಯನ್ ಗಾಯಗಳು ಕೀವಾದವು. ಅದರಲ್ಲಿ ಒಬ್ಬಳು ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯವಳು, ಇಪ್ಪತ್ತೊಂದು ವರ್ಷ, ಚೊಚ್ಚಲ ಹೆರಿಗೆ. ಅವಳನ್ನಿಲ್ಲಿ ತಂಗಿ ಅಂತಲೇ ಕರೀತೀನಿ. ಒಂಬತ್ತನೇ ದಿನ ವಾಪಸು ಬಂದಳು, ಹೊಲಿಗೆ ಬಿಚ್ಚಿಕೊಂಡಿತ್ತು. ಡ್ರೆಸಿಂಗ್ ತೆಗೆದರೆ ಗಾಜಿನ ಬಟ್ಟೆಯ ಮೇಲೆ ಹಸಿರು ಛಾಯೆ.

ಅತ್ತೆ ಬಾಗಿಲಲ್ಲೇ ನಿಂತು ಹೇಳಿದರು, "ಬದನಿಕಾಯಿ ತಿಂದಾಳ್ರಿ ಬಾಯಾರ. ಬ್ಯಾಡ ಬ್ಯಾಡ ಅಂದ್ರೂ ಕೇಳಲಿಲ್ಲ. ನಂಜ ಆಗೇತಿ."

"ತವರಮನಿ ಬುತ್ತಿಯೊಳಗ ಒಂದ ಹೋಳು ಇತ್ರಿ ಅಕ್ಕಾರ" ಅಂದಳು ತಂಗಿ. ಧ್ವನಿಯೇ ಇರಲಿಲ್ಲ ಆ ಹುಡುಗಿಗೆ.

ನಾನೇನು ಅಂದೆ ಗೊತ್ತಾ? "ಆಯ್ತವ್ವಾ, ಇನ್ಮ್ಯಾಲಾದ್ರೂ ಪಥ್ಯ ಸರಿಯಾಗಿ ಮಾಡು" ಅಂದೆ. ಮೈಕ್ರೋಬಯಾಲಜಿ ಓದಿದವಳು ನಾನು. ಬದನೆಕಾಯಿ ತಿಂದರೆ ಗಾಯದಲ್ಲಿ ಹಸಿರು ಕೀವು ಬರೋದಿಲ್ಲ ಅಂತ ಚೆನ್ನಾಗಿ ಗೊತ್ತಿತ್ತು. ಆದರೆ ಆ ಹೊತ್ತಿಗೆ ಅತ್ತೆಯ ಜೊತೆ ವಾದ ಮಾಡೋದಕ್ಕಿಂತ ಹೂಂ ಅನ್ನೋದು ಸುಲಭವಾಗಿತ್ತು. ಇನ್ನೂ ಹನ್ನೊಂದು ಬೆಡ್ ನೋಡಬೇಕಿತ್ತು.

ನಾಲ್ಕನೇ ದಿನ ಡ್ರೆಸಿಂಗ್ ಮಾಡುವಾಗ ಒಂದು ವಾಸನೆ ಬಂತು. ಕೀವಿನ ಕೆಟ್ಟ ವಾಸನೆ ಅಲ್ಲ, ಸಿಹಿ ಸಿಹಿ, ಹಣ್ಣಾದ ದ್ರಾಕ್ಷಿಯಂಥದ್ದು. ಕೈ ನಿಂತಿತು. ಈ ವಾಸನೆ ನನಗೆ ಗೊತ್ತು. ಗೋಕಾಕದ ಲ್ಯಾಬಿನಲ್ಲಿ ಇನ್‌ಕ್ಯುಬೇಟರ್ ಬಾಗಿಲು ತೆಗೆದಾಗ ಬರುತ್ತಿದ್ದ ವಾಸನೆ. ಸ್ಯೂಡೋಮೊನಾಸ್. ನೀರಿರುವ ಕಡೆಯೆಲ್ಲ ಬದುಕುವ, ಹಸಿರು ಬಣ್ಣ ಬಿಡುವ, ಬಹಳಷ್ಟು ಔಷಧಿಗಳಿಗೆ ಜಗ್ಗದ ಸೂಕ್ಷ್ಮಾಣು.

ನೀರಿರುವ ಕಡೆಯೆಲ್ಲ. ಹಾಗಾದ್ರೆ ನಮ್ಮ ವಾರ್ಡಿನಲ್ಲಿ ನೀರು ಎಲ್ಲಿದೆ? ಡ್ರೆಸಿಂಗ್ ಟ್ರಾಲಿಯ ಕಡೆ ತಿರುಗಿದೆ. ಅಲ್ಲಿ ಎರಡಿದ್ದವು. ಒಂದು, ಗಾಯ ಒರೆಸಲು ನೀರು ಬೆರೆಸಿಟ್ಟ ಹಳದಿ ಆಂಟಿಸೆಪ್ಟಿಕ್ ಬಾಟಲಿ. ಇನ್ನೊಂದು, ಅದೇ ದ್ರಾವಣ ತುಂಬಿದ ಜಾರು, ಅದರಲ್ಲಿ ಉದ್ದ ಹಿಡಿಕೆಯ ಚೀಟಲ್ ಫೋರ್ಸೆಪ್ಸ್. ಆ ಫೋರ್ಸೆಪ್ಸಿನಿಂದಲೇ ಪ್ರತಿ ರೋಗಿಗೂ ಗಾಜು ತೆಗೆದುಕೊಡೋದು.

ಬಾಟಲಿ ಕಡಿಮೆಯಾದಾಗ ಏನು ಮಾಡುತ್ತಿದ್ದೆವು? ಪೂರ್ತಿ ಚೆಲ್ಲಿ, ತೊಳೆದು, ಆಟೋಕ್ಲೇವ್ ಮಾಡಿ ಹೊಸದು ತುಂಬಬೇಕು. ಹಾಗೆ ಮಾಡುತ್ತಿರಲಿಲ್ಲ. ಇದ್ದದ್ದರ ಮೇಲೇ ಒಂದಿಷ್ಟು ಔಷಧ, ಒಂದಿಷ್ಟು ನೀರು ಸುರಿಯುತ್ತಿದ್ದೆವು. ಡಿಸ್ಟಿಲ್ಡ್ ವಾಟರ್ ಮುಗಿದಿದ್ದರೆ ನಲ್ಲಿ ನೀರು. ಜೊತೆಗೆ ಹತ್ತಿಯ ಉಂಡೆಗಳನ್ನು ಅದರಲ್ಲೇ ನೆನೆಹಾಕಿ ಇಡೋದು. ಹತ್ತಿ ಆ ಔಷಧವನ್ನು ಹೀರಿಕೊಂಡು ದ್ರಾವಣದ ಶಕ್ತಿಯನ್ನು ಇನ್ನಷ್ಟು ಇಳಿಸುತ್ತದೆ. ಆ ತಿಂಗಳು ರಾತ್ರಿ ಪಾಳಿ ನನ್ನದು. ಬಾಟಲಿ ತುಂಬುವ ಕೆಲಸ ರಾತ್ರಿ ಪಾಳಿಯವರದು. ಅಂದ್ರೆ ನನ್ನದೇ.

ಕಲ್ಚರ್ ಮಾಡಿಸಿ ಅಂತ ಡಾಕ್ಟರು ಮೊದಲೇ ಬರೆದಿದ್ದರು. ಬೆಳಗಾವಿಗೆ ಕಳಿಸಬೇಕು, ದುಡ್ಡಾಗುತ್ತೆ ಅಂತ ಮನೆಯವರು ಬಿಟ್ಟಿದ್ದರು. ನಾನು ಡಾಕ್ಟರ ಹತ್ತಿರ ಹೋಗಿ, ಗೋಕಾಕದ ನಮ್ಮ ಮೇಡಂ ಹತ್ತಿರ ಮಾಡಿಸಿಕೊಂಡು ಬರ್ತೀನಿ ಸರ್, ರಿಪೋರ್ಟ್ ಅಂತ ಕೊಡೋಕಾಗಲ್ಲ, ಆದರೆ ಗೊತ್ತಂತೂ ಆಗುತ್ತೆ ಅಂದೆ. ಹೂಂ ಅಂದರು. ಶನಿವಾರ ಬೆಳಗ್ಗೆ ಡ್ಯೂಟಿ ಮುಗಿಸಿ, ನಿದ್ದೆ ಬಿಟ್ಟು, ಐಸ್ ಹಾಕಿದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಟ್ಯೂಬುಗಳ ಮೇಲೆ ಹೆಸರಿಲ್ಲ, ನಂಬರ್ ಅಷ್ಟೇ. ಮೂರು ಗಾಯದ ಸ್ವ್ಯಾಬು, ಬಾಟಲಿಯದು, ಜಾರಿನದು, ನಲ್ಲಿಯದು, ಇನ್ನೂ ತೆರೆಯದ ಹೊಸ ಕ್ಯಾನಿನದು.

ಮೇಡಮ್ಮು ಕಪಾಟಿನಿಂದ ಒಂದು ಡಬ್ಬಿ ತೆಗೆದರು. ಸೆಟ್ರಿಮೈಡ್ ಅಗರ್. ಬೇರೆ ಬಹುತೇಕ ಸೂಕ್ಷ್ಮಾಣುಗಳನ್ನು ತಡೆದು ಸ್ಯೂಡೋಮೊನಾಸನ್ನು ಮಾತ್ರ ಬೆಳೆಯಲು ಬಿಡೋ ಮಾಧ್ಯಮ. ಎರಡನೇ ವರ್ಷದ ಪ್ರಾಕ್ಟಿಕಲ್‌ನಲ್ಲಿ ನಾನೇ ಮಾಡಿದ್ದೆ. ಡಬ್ಬಿಯ ಹೆಸರು ಓದುತ್ತಿದ್ದಂತೆ ಮೈ ತಣ್ಣಗಾಯಿತು. ನಮ್ಮ ವಾರ್ಡಿನ ಹಳದಿ ಔಷಧದಲ್ಲಿರೋದು ಎರಡು: ಕ್ಲೋರ್‌ಹೆಕ್ಸಿಡೀನ್ ಮತ್ತು ಸೆಟ್ರಿಮೈಡ್. ಸ್ಯೂಡೋಮೊನಾಸನ್ನು ಆರಿಸಿ ಬೆಳೆಸಲು ಲ್ಯಾಬಿನಲ್ಲಿ ಬಳಸುವ ವಸ್ತುವನ್ನೇ ವಾರ್ಡಿನಲ್ಲಿ ತೆಳುವಾಗಿ ಬೆರೆಸಿ, ವಾರಗಟ್ಟಲೆ ಚೆಲ್ಲದೆ ಇಟ್ಟುಕೊಂಡಿದ್ದೆವು. ಔಷಧದ ತಪ್ಪಲ್ಲ ಅದು. ಹೊಸದಾಗಿ, ಸರಿಯಾದ ಪ್ರಮಾಣದಲ್ಲಿ ಬೆರೆಸಿ, ಅವತ್ತೇ ಬಳಸಿದರೆ ಅದು ಕೆಲಸ ಮಾಡುತ್ತೆ. ನಾವು ಮಾಡಿದ್ದು ಬೇರೆಯವುಗಳನ್ನು ಓಡಿಸಿ ಇದೊಂದಕ್ಕೆ ಮನೆ ಕಟ್ಟಿಕೊಟ್ಟಂತೆ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಪೂರ್ತಿ ಮಾರ್ಕ್ಸ್ ತಗೊಂಡಿದ್ದವಳು ನಾನು. ವಾರ್ಡಿಗೆ ಬಂದ ಮೇಲೆ ತಲೆ ಅಲ್ಲೇ ಇತ್ತು, ಕೈ ಮಾತ್ರ ಸೀನಿಯರ್‌ಗಳು ಮಾಡಿದಂತೆ ಮಾಡಿಕೊಂಡು ಹೋಗಿತ್ತು.

ಮರುದಿನ ತಟ್ಟೆ ತೆಗೆದರು. ಮೂರು ಗಾಯಗಳದ್ದೂ ಹಸಿರು. ಬಾಟಲಿ ಹಸಿರು. ಜಾರು ಹಸಿರು. ನಲ್ಲಿಯ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಹೊಸ ಕ್ಯಾನಿನದು ಸ್ವಚ್ಛ. ಆಂಟಿಬಯಾಟಿಕ್ ಡಿಸ್ಕ್ ಇಟ್ಟು ನೋಡಿದಾಗ ಗಾಯದ್ದಕ್ಕೂ ಬಾಟಲಿಯದ್ದಕ್ಕೂ ಒಂದೇ ನಮೂನೆ. "ಇದರಿಂದ ಎರಡೂ ಒಂದೇ ತಳಿ ಅಂತ ಸಾಬೀತಾಗಲ್ಲ, ಅದಕ್ಕೆ ಡಿಎನ್‌ಎ ಮಟ್ಟದ ಪರೀಕ್ಷೆ ಬೇಕು" ಅಂದರು ಮೇಡಮ್ಮು. "ಆದ್ರ ಬಾಟಲಿ ಬದಲಿ ಮಾಡಾಕ ಅದರ ದಾರಿ ಕಾಯಬ್ಯಾಡ."

ಡಾಕ್ಟರಿಗೆ ತಟ್ಟೆಗಳ ಫೋಟೋ ತೋರಿಸಿದೆ. ಮೊದಲು ಸಿಟ್ಟು ಬಂತು. "ನಿನ್ನ ಕೆಲಸ ಸಿಸ್ಟರ್ ಕೆಲಸ, ಅದಷ್ಟು ನೋಡ್ಕೋ" ಅಂದರು. ಸಂಜೆ ಮತ್ತೆ ಕರೆಸಿದರು. ಅವತ್ತಿನಿಂದ ಬಾಟಲಿಗೆ ತಾರೀಖಿನ ಚೀಟಿ ಅಂಟಿತು. ದಿನಾ ಚೆಲ್ಲಿ, ಆಟೋಕ್ಲೇವ್ ಆದ ಬಾಟಲಿಯಲ್ಲಿ ಹೊಸದು. ಫೋರ್ಸೆಪ್ಸ್ ಒಣ ಜಾರಿನಲ್ಲಿ, ಪಾಳಿಗೊಮ್ಮೆ ಬದಲಾವಣೆ. ಹೆಚ್ಚುವರಿ ಖರ್ಚು ಅಂತ ಹೇಳುವಷ್ಟೇನೂ ಆಗಲಿಲ್ಲ. ಮುಂದಿನ ಮೂರು ತಿಂಗಳು ಹಸಿರು ಕೀವಿನ ಗಾಯ ಒಂದೂ ಬರಲಿಲ್ಲ.

ನಾನೇನೋ ಹೊಸದನ್ನು ಕಂಡುಹಿಡಿದೆ ಅಂತ ಬೀಗಿದ್ದೆ. ಆಮೇಲೆ ಓದಿದರೆ ಈ ಕೆಲಸಕ್ಕೆ ಆಗಲೇ ಒಂದು ಹೆಸರೂ ಒಂದು ಹುದ್ದೆಯೂ ಇತ್ತು. 1959ರಲ್ಲೇ ಇಂಗ್ಲೆಂಡಿನ ಟಾರ್ಬೆಯ ಆಸ್ಪತ್ರೆಯಲ್ಲಿ ಬ್ರೆಂಡನ್ ಮೂರ್ ಅನ್ನುವ ಸೂಕ್ಷ್ಮಾಣು ತಜ್ಞರು ಕಾಟ್ರೆಲ್ ಎಂಬ ನರ್ಸ್ ಒಬ್ಬರನ್ನು ಸೋಂಕು ನಿಯಂತ್ರಣಕ್ಕೆಂದೇ ನೇಮಿಸಿಕೊಂಡರು. ವಾರ್ಡಿನಿಂದ ಲ್ಯಾಬಿಗೆ, ಲ್ಯಾಬಿನಿಂದ ವಾರ್ಡಿಗೆ ಓಡಾಡುವುದೇ ಅವರ ಕೆಲಸ. ಇವತ್ತು ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್ ಅಂತ ಇರುತ್ತಾರಲ್ಲ, ಅದೇ. ಹಣ ಕೂಡಿಟ್ಟು ಎಂ.ಎಸ್ಸಿ ಮುಗಿಸಿದ ಮೇಲೆ ಈಗ ಬೆಂಗಳೂರಿನಲ್ಲಿ ನಾನೂ ಅದನ್ನೇ ಮಾಡುತ್ತಿದ್ದೀನಿ.

ಸಂಶೋಧನೆಗೆ ನರ್ಸುಗಳು ಬೇಕೇ ಬೇಕು ಅನ್ನೋದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಬೆಳಗಾವಿ ಜಿಲ್ಲೆಯೇ ಸಾಕ್ಷಿ. 2002ರಿಂದ 2005ರವರೆಗೆ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಇಲ್ಲಿನ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಹೆರಿಗೆಯಾದ ಮೇಲೆ ವಿಪರೀತ ರಕ್ತಸ್ರಾವ ಆಗದಂತೆ ಮಿಸೊಪ್ರೊಸ್ಟಾಲ್ ಮಾತ್ರೆ ತಡೆಯುತ್ತದಾ ಅನ್ನೋದು ಪ್ರಶ್ನೆ. 1620 ತಾಯಂದಿರು. ಹೆರಿಗೆ ಮಾಡಿಸಿದ್ದು, ಮಾತ್ರೆ ಕೊಟ್ಟದ್ದು, ರಕ್ತ ಅಳೆದದ್ದು 25 ಜನ ಎಎನ್‌ಎಂ ಸಿಸ್ಟರುಗಳು. ಕಣ್ಣಂದಾಜಿಗೆ ರಕ್ತ ಕಡಿಮೆಯೇ ಕಾಣುತ್ತದೆ ಅಂತ, ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಹಾಳೆಯನ್ನು ತಾಯಿಯ ಕೆಳಗೆ ಹಾಸಿ ಅಳೆದರು. ಅತಿ ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಉಪಯೋಗಕ್ಕೆ ಆ ಮಾತ್ರೆಯನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಇತ್ತೀಚೆಗೆ, 2023ರಲ್ಲಿ, ಏಳು ದೇಶಗಳ 29,278 ತಾಯಂದಿರ ಮೇಲಿನ ಇನ್ನೊಂದು ಅಧ್ಯಯನ ಬಂತು. ಹೆರಿಗೆ ನೋವಿನ ಹೊತ್ತಿನಲ್ಲಿ ಒಂದು ಸಲ ಅಜಿಥ್ರೊಮೈಸಿನ್ ಕೊಟ್ಟರೆ ತಾಯಂದಿರಲ್ಲಿ ನಂಜು ಅಥವಾ ಸಾವು ಶೇಕಡಾ 2.4ರಿಂದ 1.6ಕ್ಕೆ ಇಳಿಯುತ್ತದೆ ಅಂತ. ಅದರಲ್ಲೂ ಬೆಳಗಾವಿ ಇತ್ತು.

ಫೋನ್ ಮಾಡುವ ಹುಡುಗಿಯರಿಗೆ ಇದೆಲ್ಲ ಹೇಳಿ, ಆಮೇಲೆ ಕಹಿಯಾದದ್ದನ್ನೂ ಹೇಳ್ತೀನಿ. ಎರಡು ಪೂರ್ತಿ ನೌಕರಿ ಮಾಡೋಕಾಗಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಪಿಪೆಟ್ ಹಿಡಿದರೆ ಕೈ ನಡುಗುತ್ತೆ, ಲೆಕ್ಕ ತಪ್ಪುತ್ತೆ. ನಾನು ಒಂದು ವರ್ಷ ಹಾಗೆ ಮಾಡಿ ಎರಡು ತಿಂಗಳ ಡೇಟಾ ಕಸಕ್ಕೆ ಹಾಕಿದ್ದೀನಿ. ಎರಡೂ ಒಂದೇ ಆಗುವ ಜಾಗ ಹುಡುಕಬೇಕು. ಬೆಳಗ್ಗೆ ಐಸಿಯು ರೌಂಡ್ಸ್, ಯಾರಿಗೆ ಕ್ಯಾಥೆಟರ್ ಎಷ್ಟು ದಿನ ಆಯ್ತು ಅನ್ನೋ ಲೆಕ್ಕ. ಹನ್ನೊಂದಕ್ಕೆ ಲ್ಯಾಬಿನಿಂದ ಕಲ್ಚರ್ ಪಟ್ಟಿ. ಮಧ್ಯಾಹ್ನ ನನ್ನ ಸಂಶೋಧನೆ, ಸಿಂಕಿನ ಕೆಳಗಿನ ಪೈಪಿನಲ್ಲಿ ಯಾವ ಸ್ಯೂಡೋಮೊನಾಸ್ ಇದೆ, ಅದು ಬೆಡ್ಡಿಗೆ ಬರುತ್ತದಾ ಅಂತ. ಸಂಬಳ ನಿಮ್ಮ ಐಟಿ ಗೆಳೆಯರ ಮುಂದೆ ಹೇಳುವಂಥದ್ದಲ್ಲ. ನಾನು ಮೊದಲು ಕೆಲಸ ಮಾಡಿದ ಒಂದು ವರದಿಯಲ್ಲಿ ನನ್ನ ಹೆಸರು ಬರಲಿಲ್ಲ, ಕೊನೆಯಲ್ಲಿ "ವಾರ್ಡ್ ಸಿಬ್ಬಂದಿಗೆ ಧನ್ಯವಾದ" ಅಂತ ಇತ್ತು. ಫ್ಯಾನಿ ಹೆಸ್ಸೆ ನೆನಪಾದಳು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬಾಟಲಿಯ ಕತೆ ಮುಗಿದಿಲ್ಲ.

ತಂಗಿಯ ಗಾಯ ಒಣಗಲು ನಲವತ್ತು ದಿನ ಹಿಡಿಯಿತು. ಎರಡನೇ ಸಲ ಹೊಲಿಗೆ ಹಾಕಬೇಕಾಯಿತು. "ಬಾಯಿ ಚಪಲಕ್ಕ ಮಾಡಕೊಂಡಾಳ, ಖರ್ಚು ತವರವರು ನೋಡಕೊಳ್ಳಲಿ" ಅಂತ ಗಂಡನ ಮನೆಯವರು ಕೈಬಿಟ್ಟರು. ಬಾಟಲಿ ಬದಲಾಯಿತು, ವಾರ್ಡು ಸರಿಹೋಯಿತು, ಆದರೆ ಅವಳಿಗೆ ಯಾರೂ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಪಥ್ಯ ಮಾಡು ಅಂದ ನನ್ನ ಮಾತು ಮಾತ್ರ ಅವಳ ಜೊತೆ ಹೋಗಿತ್ತು.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಹೊರಟೆ. ಹುಕ್ಕೇರಿಗೆ ಬಸ್ಸು, ಅಲ್ಲಿಂದ ಟಂಟಂ. ಅವಳು ಇನ್ನೂ ತವರಿನಲ್ಲೇ ಇದ್ದಳು. ಕೂಸು ತೊಡೆಯ ಮೇಲಿತ್ತು. ಕಟ್ಟೆಯ ಮೇಲೆ ಕೂತು ಹೇಳಿದೆ: "ತಂಗಿ, ನೀ ಬದನಿಕಾಯಿ ತಿಂದದ್ದಕ್ಕ ಆದದ್ದಲ್ಲ ಅದು. ನಮ್ಮ ಔಷಧದ ಬಾಟಲಿಯೊಳಗ ರೋಗ ಇತ್ತು. ಬಾಟಲಿ ತುಂಬಿದಾಕಿ ನಾನs."

ಬೈತಾಳೆ ಅಂದುಕೊಂಡಿದ್ದೆ. ಅಳ್ತಾಳೆ ಅಂತಲೂ ಅಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ಕೂಸಿನ ಕುಲಾಯಿ ಸರಿ ಮಾಡುತ್ತಾ ಕೂತಳು. ಆಮೇಲೆ ಅಂದಳು, "ಅಕ್ಕಾರ, ಇದನ್ನ ಒಂದ ಚೀಟಿ ಮ್ಯಾಲ ಬರದ ಕೊಡ್ರಿ. ನಾ ಹೇಳಿದ್ರ ಯಾರೂ ನಂಬೂದಿಲ್ಲ. ನಮ್ಮಪ್ಪ ಸಾಲ ತಗದಾನ್ರಿ."

ನಾನು ಬಂದದ್ದು ಮನಸ್ಸು ಹಗುರ ಮಾಡಿಕೊಳ್ಳೋಕೆ. ಅವಳಿಗೆ ಬೇಕಾದದ್ದು ಕಾಗದ. ಬರೆದು ಕೊಟ್ಟರೆ ಅದು ಎಲ್ಲಿಗೆ ಹೋಗುತ್ತೆ, ನನ್ನ ಕೆಲಸ ಏನಾಗುತ್ತೆ, ನನ್ನ ನರ್ಸಿಂಗ್ ನೋಂದಣಿಗೇ ತೊಂದರೆಯಾದರೆ ಏನು ಗತಿ ಅಂತ ತಲೆಯಲ್ಲಿ ಎಲ್ಲ ಓಡಿತು. ಸುಳ್ಳು ಯಾಕೆ, ನೆವ ಹೇಳಿ ಎದ್ದುಬಿಡಲೇ ಅಂತಲೂ ಅನ್ನಿಸಿತು. ಅವಳ ತಮ್ಮ ಅಷ್ಟರಲ್ಲಿ ಸಾಲಿಯ ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು ಬಂದು ಮುಂದೆ ಹಿಡಿದಿದ್ದ.

ಬರೆದೆ. ಏನು ನೋಡಿದೆನೋ ಅಷ್ಟೇ. ಯಾವ ದಿನ ಎಷ್ಟು ಸ್ಯಾಂಪಲ್, ಯಾವುದರಲ್ಲಿ ಏನು ಬೆಳೆಯಿತು, ಏನು ಖಚಿತ, ಏನು ಖಚಿತವಲ್ಲ. ಗಾಯಕ್ಕೂ ಬದನೆಕಾಯಿಗೂ ಸಂಬಂಧ ಇಲ್ಲ. ಬಾಟಲಿ ತುಂಬಿದವಳು ನಾನು. ಕೆಳಗೆ ಹೆಸರು, ನೋಂದಣಿ ಸಂಖ್ಯೆ, ಸಹಿ.

ನಾಲ್ಕು ದಿನದಲ್ಲಿ ಆ ಚೀಟಿ ಆಸ್ಪತ್ರೆಗೆ ಬಂತು. ಡಾಕ್ಟರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ನನ್ನ ಕೇಳಿ ಬರೀಬೇಕಿತ್ತು" ಅಂದರು. ಆ ಮಾತಿನಲ್ಲಿ ನ್ಯಾಯ ಇತ್ತು, ಇಲ್ಲ ಅನ್ನಲಾರೆ. ಆದರೆ ಕೇಳಿದ್ದರೆ ಬೇಡ ಅನ್ನುತ್ತಿದ್ದರು ಅನ್ನೋದೂ ನನಗೆ ಗೊತ್ತಿತ್ತು. ಎರಡನೇ ಹೊಲಿಗೆಯ ಬಿಲ್ಲಿನಲ್ಲಿ ಅರ್ಧ ಅವಳ ಅಪ್ಪನಿಗೆ ವಾಪಸು ಕೊಟ್ಟರು. ಮುಂದಿನ ತಿಂಗಳಿಂದ ಬರೋದು ಬೇಡ ಅಂತ ನನಗೆ ಹೇಳಿದರು. ಅನುಭವದ ಸರ್ಟಿಫಿಕೇಟ್ ಕೈಗೆ ಬರಲು ಆರು ತಿಂಗಳು ಹಿಡಿಯಿತು. ಅಪ್ಪ ಅವತ್ತೂ ಬಹಳ ಮಾತಾಡಲಿಲ್ಲ. "ಖರೇನ ಬರದಿಯಲ್ಲ, ಆತು ಬಿಡು" ಅಂದ.

ಅದಾದ ಮೇಲೆ ನಾನು ಎಷ್ಟೋ ವರದಿ ಬರೆದಿದ್ದೀನಿ. ಒಂದೆರಡು ಪೇಪರ್‌ಗಳಲ್ಲಿ ಹೆಸರೂ ಬಂದಿದೆ. ನನ್ನ ಮೊದಲ ಪೇಪರ್ ಯಾವುದು ಅಂತ ಯಾರಾದರೂ ಕೇಳಿದರೆ ಬಾಯಿಗೆ ಬರೋದು ಆ ನೋಟ್‌ಬುಕ್ಕಿನ ಹಾಳೆ.

ತಂಗಿ ಗಂಡನ ಮನೆಗೆ ವಾಪಸು ಹೋದಳು. ಚೀಟಿಯಿಂದಲೇ ಹೋದಳು ಅಂತ ನಾನು ಹೇಳಲಾರೆ. ಮೊನ್ನೆ ದಸರೆಗೆ ಫೋನ್ ಮಾಡಿದ್ದಳು. ಎರಡನೇ ಹೆರಿಗೆ ಆಯಿತಂತೆ, ಬೇರೆ ಆಸ್ಪತ್ರೆಯಲ್ಲಿ, ಇದೂ ಸಿಸೇರಿಯನ್ನೇ. ಗಾಯ ಹೇಗಿದೆ ಅಂದೆ.

"ಚಲೋ ಐತ್ರಿ ಅಕ್ಕಾರ. ಡ್ರೆಸಿಂಗ್ ಮಾಡಾಕ ಬಂದ ಸಿಸ್ಟರ್‌ನ ಕೇಳಿದ್ನಿ, ಈ ಬಾಟಲಿ ಯಾವತ್ತ ತುಂಬೀರಿ ಅಂತ."

"ಏನಂದ್ರು?"

"ಒಂದ್ ಘಳಿಗಿ ನನ್ನ ಮಾರಿ ನೋಡಿದ್ರು. ಆಮ್ಯಾಲ ಒಳಗ ಹೋಗಿ ಹೊಸಾದು ತಂದ್ರು."